ಹೊಳೆಬದಿ ಬೆಳ್ಯಪ್ಪನ ಕಾಗದ

ಮೊಮ್ಮಗಳು ಕಂಪ್ಯೂಟರ್ ಪಾಠ ಓದುತ್ತಾ, "ಅಜ್ಜ, ಈ ಎರಡು ಕಂಪ್ಯೂಟರ್ ಭಾಷೆಗಳು ಅಕ್ಕತಂಗಿ ಇದ್ದಂಗೆ. ಬೇರೆ ಫೈಲಿಂದ ಒಂದು ಹೆಸರು ತರಿಸಿಕೊಂಡ್ರೆ, ಒಂದರಲ್ಲಿ ಆ ಫೈಲಿನ ಹೆಸರನ್ನ ಮನೆ ಹೆಸರಿನ ಥರ ಸೇರಿಸಿಯೇ ಕರೀಬೇಕು. ಇನ್ನೊಂದರಲ್ಲಿ ಬರೀ ಹೆಸರೇ ಸಾಕು. ಆದ್ರೆ ಒಂದೇ ಹೆಸರಿನವು ಎರಡಾದ್ರೆ ಗಲಾಟೆ" ಎಂದಳು.

"ಆ ಗಲಾಟೆನ ನಾನು ಚೀಲದಲ್ಲಿ ಹೊತ್ತು ತಿರುಗಿದೀನಿ ಕಣಮ್ಮ" ಎಂದೆ. ನೀವೂ ಕೇಳಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೊಡಗಿನ ಉತ್ತರದ ಶನಿವಾರಸಂತೆ ಕಡೆಯವನಾದ ನನ್ನನ್ನು ಅದರ ಪಶ್ಚಿಮದ ಒಂದು ಹಳ್ಳಿಗೆ ಪೋಸ್ಟ್‌ಮ್ಯಾನ್ ಮಾಡಿ ಕಳಿಸಿದ್ದರು. ನಮ್ಮಲ್ಲಿ ಹೆಸರಿನ ಮುಂದೆ ಅಪ್ಪನದೊಂದು ಅಕ್ಷರ ಇದ್ದರೆ ಮುಗಿಯಿತು. ಅಲ್ಲಿಯ ಅರೆಭಾಷೆಯವರಲ್ಲಿ ಮನೆತನದ ಹೆಸರು ಮೊದಲು, ಮನುಷ್ಯ ಆಮೇಲೆ. ಅವರದೂ ಕನ್ನಡವೇ, ನನ್ನದೂ ಕನ್ನಡವೇ ಎಂಬ ಧೈರ್ಯದಲ್ಲಿ ನಾನು ಯಾರನ್ನೂ ಏನೂ ವಿಚಾರಿಸಲಿಲ್ಲ.

ಒಂದು ದಿನ "ಹೊಳೆಬದಿ ಬೆಳ್ಯಪ್ಪನವರಿಗೆ" ಎಂಬ ಕಾಗದ ಬಂತು. ಹೊಳೆಯ ಬದಿಯಲ್ಲಿ ಒಬ್ಬ ಬೆಳ್ಯಪ್ಪ ಇದ್ದೇ ಇದ್ದರು. ಐವತ್ತು ದಾಟಿದವರು, ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಕೊಟ್ಟು ಬಂದೆ. ಹೊಳೆಬದಿ ಎಂಬುದು ಗುಡ್ಡದ ಮೇಲಿನ ಒಂದು ಮನೆತನದ ಹೆಸರೆಂದೂ, ಅಲ್ಲಿ ಇಪ್ಪತ್ತಾರರ ಇನ್ನೊಬ್ಬ ಬೆಳ್ಯಪ್ಪ ಇದೇ ಕಾಗದಕ್ಕೆ ಕಾಯುತ್ತಿದ್ದಾನೆಂದೂ ನನಗೇನು ಗೊತ್ತು!

ಕಾಗದದಲ್ಲಿ ಇದ್ದದ್ದು ಎರಡೇ ಸಾಲು: ಸಂಬಂಧ ಒಪ್ಪಿಗೆ, ಸೋಮವಾರ ಹೆಣ್ಣು ನೋಡಲು ಬನ್ನಿ. ಕೆಳಗೆ ಹುಡುಗಿಯ ಅಪ್ಪನ ವಿಳಾಸ. ತಮ್ಮಕ್ಕ ತಮಗೆ ಎಲ್ಲೋ ಹೆಣ್ಣು ಮಾತಾಡಿರಬೇಕೆಂದುಕೊಂಡ ಹಿರಿಯ ಬೆಳ್ಯಪ್ಪನವರು ಕ್ಷೌರ ಮಾಡಿಸಿಕೊಂಡು, ಕೋಟು ತೊಟ್ಟು ಹೊರಟರು.

ಹುಡುಗಿಯ ಅಪ್ಪ ಜಗುಲಿಯಲ್ಲಿ ನಿಂತು ಇವರ ಬೆನ್ನ ಹಿಂದೆ ಇಣುಕಿದರಂತೆ. "ಹೊಳೆಬದಿ ಮನೆ ಹೈದ ಎಲ್ಲಿ? ಮದುವೆ ಗಂಡು?"

ಇವರಿಗೆ ಎಲ್ಲ ತಿಳಿಯಿತು. ತಿರುಗಿ ನಡೆದರೆ ಆ ಹುಡುಗನ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಕೋಟಿನ ಗುಂಡಿ ಸರಿಮಾಡಿಕೊಂಡು, "ಹೈದಂಗೆ ಜ್ವರ ಉಟ್ಟು. ಹಿರಿಯ ಹೇಳಿ ನಾ ಮುಂದೆ ಬಂದೆ" ಎಂದು ಹುಡುಗನಿಗೆ ಜ್ವರದ ನೆಪ ಹೇಳಿ, ತಾವು ಅವನ ಕಡೆಯ ಹಿರಿಯರಾದರು. ಊಟ ಮಾಡಿ, ಮುಂದಿನ ಸೋಮವಾರ ಗೊತ್ತುಮಾಡಿ, ನೆಟ್ಟಗೆ ಗುಡ್ಡ ಹತ್ತಿ ಹುಡುಗನ ಕೈಗೆ ಕಾಗದ ಕೊಟ್ಟರು.

ಸುದ್ದಿ ಕೇಳಿ ನಾನು ಹೊಳೆಯ ಬದಿಗೆ ಓಡಿ ಅವರೆದುರು ನಿಂತೆ. "ಪೋಸ್ಟ್‌ಮಾಸ್ಟರಿಗೆ ಹೇಳ್ತೀರಾ?"

"ಎಂಥ ಹೇಳುದು ಮಾರಾಯ? ನಾಲ್ಕು ದಿನ ನಂಗೂ ಇಪ್ಪತ್ತಾರೇ ಆಗಿತ್ತು!" ಎಂದು ನಕ್ಕು ಕಾಫಿ ಕೊಟ್ಟರು. ಆ ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರಾಗಿ ಓಡಾಡಿದವರೂ ಅವರೇ.

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಅವರಿಗೆ ಹೆಣ್ಣು ಸಿಕ್ತಾ ಅಜ್ಜ?" ಎಂದು ಕೇಳಿದಳು.

ಇಷ್ಟು ವರ್ಷ ಇದನ್ನು ನಗಿಸಲೆಂದೇ ಹೇಳಿಕೊಂಡು ಬಂದಿದ್ದೇನೆ. ಯಾರೂ ಹೀಗೆ ಕೇಳಿರಲಿಲ್ಲ. ಯೋಚಿಸಿದೆ. ನಾನಲ್ಲಿದ್ದ ಮೂರು ವರ್ಷದಲ್ಲಿ ಅವರಿಗೆ ಇನ್ನೊಂದು ಕಾಗದ ಕೊಟ್ಟ ನೆನಪೇ ಇಲ್ಲ.

ಊರು ಬಿಟ್ಟ ಮೇಲೆ ನಾನೇ ಒಂದು ಕಾರ್ಡು ಬರೆಯಬಹುದಿತ್ತು.