ತಿಮ್ಮಪ್ಪ ಕಾರಿಗೆ ಕಟ್ಟಿದ ಪ್ಯಾರಾಶೂಟ್

ತಿಮ್ಮಪ್ಪ ಕನ್ನಡಕ ಹಾಕಿಕೊಳ್ಳುತ್ತಿದ್ದುದು ಮೀನು ತಿನ್ನುವಾಗ ಮಾತ್ರ. ಉಳಿದ ಹೊತ್ತಿನಲ್ಲಿ ಅದು ದಾರದ ತುದಿಯಲ್ಲಿ ಎದೆಯ ಮೇಲೆ ನೇತಾಡುತ್ತ ಗ್ರೀಸು ಮೆತ್ತಿಕೊಳ್ಳುತ್ತಿತ್ತು. ಇಂಜಿನ್ನಿನೊಳಗೆ ಅರ್ಧ ಮೈ ತೂರಿಸಿ ಕೂದಲೆಳೆಯಂಥ ತಂತಿ ಹುಡುಕುವಾಗಲೂ ಮೂಗಿಗೆ ಏರುತ್ತಿರಲಿಲ್ಲ. ಬಂಗಡೆ ತಟ್ಟೆಗೆ ಬಿತ್ತೋ, ಏರಿತು. ಯಾಕೆ ಹೀಗೆ ಎಂದು ನಾನು ಕೇಳಿದರೆ ಅವನ ಉತ್ತರ ತಯಾರಿತ್ತು: "ಮುಳ್ಳು ಸಿಕ್ಕಂಡ್ರೆ ಸಾಯುದು ನಾನು ದೇವಕ್ಕ. ಇಂಜಿನ್ ಕೆಟ್ರೆ ಗಿರಾಕಿ ನೋಡ್ಕಂತ."

ಹೊನ್ನಾವರದ ಬಂದರಿನಲ್ಲಿ ಅವನದೊಂದು ತಗಡಿನ ಶೆಡ್ಡು. ಮೀನು ಬೋಟಿನ ಇಂಜಿನ್ ರಿಪೇರಿ ಅವನ ಕಸುಬು. ಆದರೆ ಕಸುಬಿನೊಳಗೆ ನಿಲ್ಲುವ ಜಾತಿಯ ಮನುಷ್ಯನಲ್ಲ. ಮಿಕ್ಸಿ, ನೀರಿನ ಪಂಪು, ಮಗ್ಗುಲ ಮನೆಯವರ ಜಗಳ, ಎಲ್ಲವನ್ನೂ ಬಿಚ್ಚುತ್ತಿದ್ದ. ನಾನು ಬ್ಲೌಸು ಹೊಲಿದು ಬದುಕಿದವಳು. ನನ್ನ ಹೊಲಿಗೆ ಮಿಷನ್ ಒಮ್ಮೆ ಕಿರುಗುಟ್ಟಿತು ಎಂದು ಕೊಟ್ಟರೆ ಬೋಟಿಗೆ ಹಾಕುವ ಗ್ರೀಸನ್ನೇ ಅದಕ್ಕೆ ತುಂಬಿಸಿ ತಂದ. ಆ ತಿಂಗಳು ನಮ್ಮ ಕೇರಿಯ ಹೆಂಗಸರೆಲ್ಲ ಹೆಗಲ ಮೇಲೆ ಒಂದೇ ನಮೂನೆಯ ಕರಿ ಕಲೆ ಹೊತ್ತು ತಿರುಗಿದರು. ಬೈದರೆ, ಕಿರುಗುಟ್ಟುವುದು ನಿಂತಿತೋ ಇಲ್ಲವೋ ಅದು ಹೇಳು ಎಂದ. ನಿಂತಿತ್ತು. ಇದೇ ಅವನ ತೊಂದರೆ. ನೂರಕ್ಕೆ ಎಂಬತ್ತು ಸಲ ಅವನು ಹೇಳಿದ್ದೇ ಸರಿ ಇರುತ್ತಿತ್ತು. ಉಳಿದ ಇಪ್ಪತ್ತು ಸಲದ ಬಗ್ಗೆ ಅವನಿಗೆ ಯಾರೂ ಹೇಳುವಂತಿರಲಿಲ್ಲ.

ನನ್ನ ಮೊಮ್ಮಗಳು ಅಕ್ಷತಾ ಕುಮಟಾದ ಕಾಲೇಜಿನಲ್ಲಿ ಯಂತ್ರಗಳ ಪಾಠ ಮಾಡುತ್ತಾಳೆ. ಅವಳಿಗೆ ಹಿಡಿದ ಹುಚ್ಚು ಡ್ರ್ಯಾಗ್ ರೇಸು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಡು ಕಾರು ಅಕ್ಕಪಕ್ಕ ನಿಲ್ಲುವುದು, ನೇರ ದಾರಿಯಲ್ಲಿ ನಾನೂರು ಮೀಟರು ಓಡುವುದು, ಮುಗಿಯಿತು. ತಿರುವಿಲ್ಲ, ಏರಿಲ್ಲ. ಬಾಯಿಗೆ ಹಾಕಿದ ಎಲೆಯಡಿಕೆ ಕವಳ ಕೆಂಪಾಗುವ ಮೊದಲೇ ಆಟ ಖಲಾಸು. ಅದಕ್ಕಾಗಿ ವರ್ಷವಿಡೀ ಕೈಗೆ ಮಸಿ. ಹಳೆಯ ಪುಟ್ಟ ಕಾರೊಂದರ ಒಳಗಿದ್ದದ್ದನ್ನೆಲ್ಲ ಕಿತ್ತು, ದೊಡ್ಡ ಇಂಜಿನ್ ಕೂರಿಸಿದರು. ಕೂರಿಸಿದವನು ತಿಮ್ಮಪ್ಪ. ಬ್ರೇಕೊಂದೇ ಸಾಲದಷ್ಟು ಜೋರು ಓಡತೊಡಗಿದ ಮೇಲೆ ರೇಸು ನಡೆಸುವವರು ಹಿಂದೆ ಪ್ಯಾರಾಶೂಟ್ ಇರಲೇಬೇಕು ಎಂದರು. ಅಕ್ಷತಾಳ ಭಟ್ಕಳದ ಗೆಳತಿಯೊಬ್ಬಳ ಅಣ್ಣ ದುಬೈಯಲ್ಲಿ ಇದ್ದ. ಅಲ್ಲಿಂದ ಯಾರೋ ಬಳಸಿ ಬಿಟ್ಟದ್ದೊಂದು ತಂದುಕೊಟ್ಟ. ಬಟ್ಟೆ ಗಟ್ಟಿಯಿತ್ತು, ಚೀಲ ಬಿಸಿಲಿಗೆ ಜೀರ್ಣವಾಗಿತ್ತು. ಚೀಲ ಹೊಸದಾಗಿ ಹೊಲಿದವಳು ನಾನು. ಒಳಗೆ ಒತ್ತಿಟ್ಟ ಸ್ಪ್ರಿಂಗು, ಅದರ ತಲೆಗೆ ಕರವಸ್ತ್ರದಂಥ ಒಂದು ಮರಿ ಕೊಡೆ. ಓಡಿಸುವವರು ಹಿಡಿಕೆ ಎಳೆದರೆ ಚೀಲದ ಮೊಳೆ ಕಳಚಿ ಮರಿ ಹಾರುತ್ತದೆ, ಮರಿ ತಾಯಿ ಕೊಡೆಯನ್ನು ಎಳೆದು ಹೊರಗೆ ಹಾಕುತ್ತದೆ, ತಾಯಿ ಕಾರನ್ನು ಹಿಡಿದು ನಿಲ್ಲಿಸುತ್ತದೆ.

ಆ ತಾಯಿಯ ಪಟ್ಟಿಯನ್ನು ಕಾರಿಗೆ ಎಲ್ಲಿ ಬಿಗಿಯಬೇಕು ಎಂಬುದೇ ಪ್ರಶ್ನೆ. ಜೊತೆಯಲ್ಲಿ ಒಂದು ಇಂಗ್ಲಿಷ್ ಕಾಗದ ಬಂದಿತ್ತು. ಅಕ್ಷತಾ ಓದಿ, ಕಾರಿನ ಭಾರದ ನಡು ಯಾವ ಎತ್ತರದಲ್ಲಿದೆಯೋ ಅದೇ ಎತ್ತರಕ್ಕೆ ಬಿಗಿಯಬೇಕಂತೆ ಮಾಮ ಎಂದಳು. ತಿಮ್ಮಪ್ಪ ಕಾಗದವನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮೊಣಕಾಲೂರಿ, ಕಾರಿನ ಹಿಂದೆ ಬಗ್ಗಿದ. "ನಿನ್ನ ಅಜ್ಜನ್ನ ಕೇಳಿದ್ರೆ ಹೇಳ್ತಿದ್ದ. ಲಂಗರಿನ ಹಗ್ಗ ಯಾವಾಗ್ಲೂ ಕೆಳಗೇ ಕಟ್ಟುದು. ಮೇಲೆ ಕಟ್ದವ ದೋಣಿ ಮಗುಚಿ ಸತ್ತ. ಇದು ಗಾಳಿಗೆ ಹಾಕು ಲಂಗರು, ಅಷ್ಟೇಯಾ."

ನನ್ನ ಗಂಡ ದೋಣಿಯವನೇ. ಅವನೂ ಹಾಗೇ ಹೇಳುತ್ತಿದ್ದ. ಹೀಗಾಗಿ ನಾನೂ ಬಾಯಿ ಹಾಕಿ, ತಿಮ್ಮಪ್ಪ ಹೇಳುವುದು ಸರಿಯೇ ಇದೆ, ನಿನ್ನ ಕಾಗದ ಬರೆದವನು ಸಮುದ್ರ ಕಂಡಿದ್ದಾನೋ ಇಲ್ಲವೋ ಎಂದೆ. ಈ ಮಾತನ್ನು ಮುಚ್ಚಿಡುವುದಿಲ್ಲ. ಓದಿದ ಮೊಮ್ಮಗಳನ್ನು ಇಬ್ಬರು ಓದದ ಮುದುಕರು ಸೇರಿ ಸುಮ್ಮನಾಗಿಸಿದೆವು. ತಿಮ್ಮಪ್ಪ ಪಟ್ಟಿಯನ್ನು ನೆಲಕ್ಕೆ ಹತ್ತಿರ, ಚಾಸಿಯ ಅಡಿಗೆ, ಹಡಗು ನಿಲ್ಲಿಸುವಷ್ಟು ದಪ್ಪದ ಬೋಲ್ಟು ಹಾಕಿ ಬಿಗಿದ.

ಓಡಿಸಿ ನೋಡುವುದಕ್ಕೆಂದು ಒಂದು ಬೆಳಿಗ್ಗೆ, ಇಳಿತದ ಹೊತ್ತಿನಲ್ಲಿ, ಕಾರನ್ನು ಸಮುದ್ರದ ಬೇಲೆಗೆ ಒಯ್ದರು. ನೀರು ಹಿಂದೆ ಸರಿದಾಗ ಅಲ್ಲಿಯ ಹಸಿ ಮರಳು ಸಿಮೆಂಟಿನಷ್ಟು ಗಟ್ಟಿ. ಅಕ್ಷತಾ ಬೆಲ್ಟು ಬಿಗಿದು ಕೂತಳು. ಓಡಿದ್ದು ಚೆನ್ನಾಗಿಯೇ ಓಡಿತು. ಕೊಡೆ ಬಿಚ್ಚಿದ್ದೂ ಚೆನ್ನಾಗಿಯೇ ಬಿಚ್ಚಿತು. ಪಟ್ಟಿ ಬಿಗಿಯಾದದ್ದೇ ಕಾರಿನ ಹಿಂಬದಿ ನೆಲ ಬಿಟ್ಟು ಎದ್ದಿತು. ಒದೆಯುವ ಕತ್ತೆಯನ್ನು ಕಂಡಿದ್ದೀರಲ್ಲ, ಹಾಗೆ. ಮೂಗು ಮರಳಿಗೆ ಹೂತು, ಕಾರು ಅಡ್ಡ ತಿರುಗಿ, ಎರಡು ಉರುಳು ಉರುಳಿ ನೀರಿನ ಅಂಚಿಗೆ ಹೋಗಿ ನಿಂತಿತು. ಹುಡುಗಿಯನ್ನು ಎಳೆದು ತೆಗೆದಾಗ ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಎಲುಬು ಮುರಿದಿತ್ತು. ಜೀವ ಇತ್ತು. ಕಾರಿಗೆ ಬೆಲ್ಟು ಕೂರಿಸಿದವರು ಬೇರೆ ಯಾರೋ, ತಿಮ್ಮಪ್ಪನಲ್ಲ, ಪುಣ್ಯ.

ತಿಮ್ಮಪ್ಪನ ಬಾಯಿಂದ ಬಂದ ಮೊದಲ ಮಾತು, ಗಾಳಿ ಅಡ್ಡ ಬಂತು ಎಂದು.

"ಎಲ್ಲಿಂದ ಬಂತಾ ಗಾಳಿ?" ಎಂದೆ. "ನನ್ನ ಸೆರಗು ಹಂದಲಿಲ್ಲ."

ಅವನು ನನ್ನ ಸೆರಗನ್ನು ನೋಡಿದ. ಆಮೇಲೆ ಎಂಟು ದಿನ ಅವನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಬೋಟಿನವರು ನನ್ನ ಮನೆಗೆ ಬಂದು, ಎಂಥಾ ಮಾತು ಆಡಿದ್ರಿ ದೇವಕ್ಕ ಅವನಿಗೆ, ಎಂದು ನನ್ನನ್ನೇ ದೂರಿದರು. ಅವರಿಗೆ ಅವರ ಇಂಜಿನ್ ಚಿಂತೆ.

ಒಂಬತ್ತನೆಯ ದಿನ ಬಂದ. ಹುಡುಗಿಯ ಕೈ ಜೋಲಿಯಲ್ಲಿತ್ತು. ಹೇಗಿದ್ದೀ ಎಂದು ಕೇಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ಆ ಕಾಗದ ಎಲ್ಲಿ ಎಂದ. ಮೊಣಕಾಲಿನ ಗುರುತು ಬಿದ್ದ ಕಾಗದ ಕೊಟ್ಟಳು. ಎದೆಯ ಮೇಲಿದ್ದ ಕನ್ನಡಕ ಎತ್ತಿ ಹಾಕಿಕೊಂಡ. ಇಂಗ್ಲಿಷ್ ಅವನಿಗೆ ಅಕ್ಷರವೂ ಬಾರದು. ಚಿತ್ರ ಇತ್ತು, ಅದನ್ನು ನೋಡಿದ. ಅಕ್ಷತಾ ಓದಿ ಹೇಳಿದಳು: ಭಾರದ ನಡುವಿಗಿಂತ ಕೆಳಗೆ ಬಿಗಿದರೆ ಹಿಂಬದಿ ಏಳುತ್ತದೆ, ಮೇಲೆ ಬಿಗಿದರೆ ಮುಂಬದಿ ಏಳುತ್ತದೆ. ದೋಣಿಯಾದರೆ ನೀರು ಸುತ್ತ ಹಿಡಿದಿರುತ್ತದೆ ಮಾಮ, ಕಾರಿಗೆ ಹಿಡಿಯಲು ನೆಲವೊಂದೇ, ಎಂದಳು. ಅವನು ಕೇಳಿದ್ದು ಒಂದೇ: "ನಡು ಎಲ್ಲದೆ ಅಂತ ಹೆಂಗೆ ಗುತ್ತಾಗುದು?"

ಅವಳು ಲೆಕ್ಕ ಶುರುಮಾಡಿದಳು. ಅವನು ಅರ್ಧಕ್ಕೇ ಎದ್ದು ಹೋದ.

ಕಾರಿನ ಡೊಂಕು ತಿದ್ದಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅದನ್ನು ಬಂದರಿಗೆ ಎಳೆಸಿ, ಬೋಟಿನ ಇಂಜಿನ್ ಎತ್ತುವ ಕ್ರೇನಿಗೆ ಮೂಗಿನಿಂದ ನೇತುಹಾಕಿದ. ಅಕ್ಷತಾಳ ಜಾಗದಲ್ಲಿ ಅವಳ ತೂಕದ ಮರಳಿನ ಚೀಲ. ತೂಕ ಎಷ್ಟೆಂದು ಕೇಳದೆ ತಾನೇ ಅಂದಾಜು ಮಾಡಿ ತುಂಬಿದ್ದ. ಅದನ್ನು ಕಂಡು ಅವಳು ಇಡೀ ದಿನ ಮುಖ ಊದಿಸಿಕೊಂಡಿದ್ದಳು. ಮೀನು ಇಳಿಸಲು ಬಂದವರೆಲ್ಲ ಸುತ್ತ ನಿಂತರು. ಎಷ್ಟು ಆಳದಲ್ಲಿ ಸಿಕ್ಕಿತು ತಿಮ್ಮಪ್ಪಾ, ಕಿಲೋಗೆ ಹೇಗೆ ಎಂದೊಬ್ಬ ಕೇಳಿದ. ತಿಮ್ಮಪ್ಪ ಬಲೆಗೆ ಕಟ್ಟುವ ಸೀಸದ ಗುಂಡನ್ನು ದಾರಕ್ಕೆ ಕಟ್ಟಿ, ಕೊಕ್ಕೆಯಿಂದ ನೆಟ್ಟಗೆ ಇಳಿಬಿಟ್ಟು, ದಾರ ಹೋದಲ್ಲಿ ಕಾರಿನ ಬದಿಗೆ ಸೀಮೆಸುಣ್ಣದ ಗೀಟು ಎಳೆದ. ಕೆಳಗಿಳಿಸಿ ಛಾವಣಿಯಿಂದ ನೇತುಹಾಕಿ ಇನ್ನೊಂದು ಗೀಟು. ಎರಡು ಗೀಟು ಕೂಡಿದಲ್ಲಿ ಭಾರದ ನಡು. ಅಕ್ಷತಾ ತನ್ನ ಲೆಕ್ಕ ತೆಗೆದು ನೋಡಿದಳು. ಎರಡು ಬೆರಳಿನ ವ್ಯತ್ಯಾಸ, ಅಷ್ಟೆ. ಹಳೆಯ ಬೋಲ್ಟಿನ ತೂತಿನಿಂದ ಆ ಎತ್ತರಕ್ಕೆ ತಿಮ್ಮಪ್ಪ ಕೈಯಲ್ಲಿ ಅಳೆದ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಳೆದ ಕೈಯನ್ನು ಅಲ್ಲಿಂದ ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಹೊಸ ಜಾಗಕ್ಕೆ ಬಿಗಿದು ಮತ್ತೆ ಬೇಲೆಗೆ ಹೋದೆವು. ಅಕ್ಷತಾ ಹೆಲ್ಮೆಟ್ ಹಾಕುವಷ್ಟರಲ್ಲಿ ತಿಮ್ಮಪ್ಪ ಒಳಗೆ ತೂರಿ ಕೂತಿದ್ದ. ತನ್ನ ಟೆಂಪೋವನ್ನು ಎತ್ತಿನ ಗಾಡಿಯ ಹಾಗೆ ಓಡಿಸುವ ಮನುಷ್ಯ. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು.

"ಇಳಿಯಾ ಕೆಳಗೆ," ಎಂದೆ. "ಈ ವಯಸ್ಸಲ್ಲಿ ಎಂತಕೆ ಇದೆಲ್ಲ ನಿಂಗೆ?"

"ಹಗ್ಗ ಕಟ್ದವ ನಾನು," ಎಂದ. "ಸಾಯುದಿದ್ರೆ ನಾನೇ ಸಾಯ್ಬೇಕಲ ದೇವಕ್ಕ."

ಹೋದ. ಹೆದರಿಕೊಂಡೇ ಹೋದ ಎಂದು ದೂರದಿಂದಲೂ ಗೊತ್ತಾಗುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಕಾಲೊತ್ತಿದನೋ ಏನೋ, ಕಾರು ಒಮ್ಮೆಲೇ ಹಾರಿತು. ಕೊಡೆ ಬಿಚ್ಚಿತು. ಪಟ್ಟಿ ಬಿಗಿಯಿತು. ಕಾರು ಕುಂಡೆ ಊರಿಕೊಂಡು, ಬಾಲ ಹಿಡಿದ ಹಸುವಿನಂತೆ ನೇರ ನಿಂತಿತು. ನಾವು ಚಪ್ಪಾಳೆ ಹೊಡೆದರೆ ಅವನಿಗೆ ಕೇಳಿಸಲಿಲ್ಲ. ಇಳಿದು, ಬೆನ್ನು ಬಗ್ಗಿಸಿ, ಹಿಂದಿನ ಗಾಲಿಯ ಗುರುತನ್ನೇ ನೋಡುತ್ತ ಮರಳಿನ ಮೇಲೆ ನಮ್ಮ ತನಕ ನಡೆದು ಬಂದ. ಎಲ್ಲಾದರೂ ಗುರುತು ತುಂಡಾಗಿದ್ದರೆ ಗಾಲಿ ಎದ್ದಿದೆ ಎಂದು ಅರ್ಥ. ತುಂಡಾಗಿರಲಿಲ್ಲ. ನಮ್ಮ ಹತ್ತಿರ ಬಂದವನು ಹೊರಳಿ ಇನ್ನೊಂದು ಗಾಲಿಯ ಗುರುತು ಹಿಡಿದು ಹೋದ.

ಅಕ್ಷತಾಳ ರೇಸಿನ ಹೊತ್ತಿಗೆ ಅವನು ಕಾಮಾಲೆಯಾಗಿ ಕುಮಟಾದ ಆಸ್ಪತ್ರೆಯಲ್ಲಿ ಮಲಗಿದ್ದ. ನಾಟಿ ಮದ್ದು ತಾನೇ ಅರೆದು ಕುಡಿದು, ಪೂರಾ ಕೆಟ್ಟ ಮೇಲೆ ಹೋದದ್ದು. ಅಲ್ಲಿಯೂ ಡಾಕ್ಟರಿಗೆ ಬುದ್ಧಿ ಹೇಳುತ್ತಿದ್ದನಂತೆ. ರೇಸಿನ ಮಾರನೆಯ ದಿನ ನಾನು ಹೋದೆ. ಅರಿಸಿನ ಮೆತ್ತಿದ ಹಾಗಿದ್ದ. ಹುಡುಗಿ ಮೊದಲ ಸುತ್ತಿನಲ್ಲೇ ಸೋತಳು ಎಂದೆ.

"ಸೋಲ್ಲಿ," ಎಂದ. "ಹಿಂದೆ ಎದ್ತಾ?"

"ಇಲ್ಲ."

"ನೀ ಕಂಡ್ಯಾ?"

ನಾನು ಅಲ್ಲಿಗೆ ಹೋಗಿರಲಿಲ್ಲ. ಅಕ್ಷತಾ ಫೋನಿನಲ್ಲಿ ಹೇಳಿದ್ದಷ್ಟೇ ನನಗೆ ಗೊತ್ತು.

"ಕಂಡೆ," ಎಂದೆ. "ಒಂದು ಕೂದ್ಲಷ್ಟೂ ಎದ್ದಿಲ್ಲ."

"ಆತು," ಎಂದು ಗೋಡೆಯ ಕಡೆ ಹೊರಳಿದ. ಮತ್ತೆ ಎರಡೇ ದಿನ ಜೀವ ಹಿಡಿದಿದ್ದನಂತೆ. ನಾನು ಹೋಗಲಿಲ್ಲ. ಹೋಗಿದ್ದರೆ ನೀ ಕಂಡದ್ದು ಯಾವ ಗಾಲಿ, ಎಡದ್ದೋ ಬಲದ್ದೋ ಎಂದು ಕೇಳುತ್ತಿದ್ದ.