ಕಾಕಾನ ಎಡಗೈ ಮತ್ತು ಜಾಯ್‌ಸ್ಟಿಕ್

ಶನಿವಾರ ಸಾಲೆ ಬಿಡುವ ಹೊತ್ತಿಗೆ ಹೊಸದಾಗಿ ಬಂದ ಗಣಿತದ ಸರ್ ಮೊಬೈಲು ನನ್ನ ಮುಂದೆ ಹಿಡಿದು, "ಮೇಡಂ, ಬಾಹ್ಯಾಕಾಶದಾಗ ಹಾರಿ ಹೊಡದಾಡೋ ಗೇಮಿಗೆ ಮೌಸ್ ಚಲೋನ್ರಿ, ಜಾಯ್‌ಸ್ಟಿಕ್ ಚಲೋನ್ರಿ?" ಎಂದು ಕೇಳಿದರು. ನಡುವಯಸ್ಸಿನ ಕನ್ನಡ ಟೀಚರಿಗೆ ಕೇಳುವ ಪ್ರಶ್ನೆಯೇ ಇದು ಎನ್ನಬೇಡಿ. ಸಿಂದಗಿಯಲ್ಲಿ ನನ್ನ ಈ ಗೇಮಿನ ಚಟ ಗೊತ್ತಿಲ್ಲದವರಿಲ್ಲ. ಪರದೆಯ ಮೇಲೆ ಸಾಲಾಗಿ ನಿಂತ ಜಾಯ್‌ಸ್ಟಿಕ್ಕುಗಳನ್ನು ಕಂಡು ನನಗೆ ನಮ್ಮ ಕಾಕಾ ನೆನಪಾದ.

ಮೌಸಿನ ಪರವಾಗಿ ನಾನು ಎಷ್ಟು ಹೊತ್ತು ಬೇಕಾದರೂ ವಾದ ಮಾಡಬಲ್ಲೆ. ಗುರಿ ಹಿಡಿಯುವುದರಲ್ಲಿ ಅದರ ಮುಂದೆ ಬೇರೆ ಯಾವುದೂ ಇಲ್ಲ. ಆದರೆ ಜಾಯ್‌ಸ್ಟಿಕ್ಕಿನ ಸುಖವೇ ಬೇರೆ. ಮುಷ್ಟಿಯಲ್ಲಿ ಹಿಡಿದು ವಾಲಿಸಿದರೆ ನೌಕೆಯ ಜೊತೆ ಕೂತವರೂ ವಾಲುತ್ತಾರೆ. ನಾನಂತೂ ಒಮ್ಮೆ ಕುರ್ಚಿ ಸಮೇತ ವಾಲಿ ಬಿದ್ದವಳು.

ಕಾಕಾ ಅಪ್ಪನ ತಮ್ಮ, ಇಂಗಳೇಶ್ವರದಲ್ಲಿ ಎತ್ತುಗಳ ಹಿಂದೆಯೇ ಬಾಳಿದವನು. ಲಕ್ವಾ ಹೊಡೆದು ಬಲಗೈ ಸೋತಾಗ, ಆಗ ನಾನೂ ಇದ್ದ ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದ. ನಡಿಗೆ ಸುಧಾರಿಸಿತು, ಬೆರಳು ಮಾತ್ರ ಮಡಚಲಿಲ್ಲ. ಊಟಕ್ಕೆ ಎಡಗೈಯೇ ಗತಿ, ಅದನ್ನು ಯಾರಾದರೂ ನೋಡಿದರೆ ಅವನಿಗೆ ಸತ್ತಷ್ಟು ನಾಚಿಕೆ. ನಮ್ಮದೆಲ್ಲ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ಯಾರಾದರೂ ಬಂದರೆ ತಾಟಿನ ಮೇಲೆ ಟವೆಲ್ ಎಳೆಯುತ್ತಿದ್ದ. ಮದುವೆಗೆ ಕರೆದರೆ, "ಪಂಕ್ತಿಯೊಳಗ ಎಡಗೈಲೆ ಉಂಡು ಮಂದಿ ಮುಂದ ಮಾನ ಕಳಕೊಳ್ಳಲೇನು?" ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ತನ್ನ ತಾಟಿನಿಂದಲೇ ನನಗೆ ತುತ್ತು ಕೊಟ್ಟವನು ಅವನು. ಅವನ ಆ ಬೆನ್ನು ನೋಡುತ್ತ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

ಅವನ ಮನಸ್ಸು ಹಗುರಾಗಲೆಂದು ಗೇಮಿಗೆ ಕೂಡಿಸಿಕೊಂಡೆ. ಮೌಸ್ ಅವನ ಮಾತು ಕೇಳಲಿಲ್ಲ, ಮುಟ್ಟಿದರೆ ನೌಕೆ ಗಿರಗಿರ ತಿರುಗುತ್ತಿತ್ತು. ಜಾಯ್‌ಸ್ಟಿಕ್ ಹುಡುಕಿದರೆ ಚೆಂದ ಕಾಣುವವೆಲ್ಲ ಬಲಗೈಯ ಅಳತೆಗೇ ಕೊರೆದವು. ಕೊನೆಗೆ ಯಾವ ಕೈಗಾದರೂ ಆಗುವ, ನೆಟ್ಟಗಿನ ಹಿಡಿಯ ಸಾದಾ ಒಂದನ್ನು ತರಿಸಿದೆ. ನೌಕೆ ನಡೆಸುವುದು ಕಾಕಾ, ಮೌಸ್ ಹಿಡಿದು ಗುಂಡು ಹಾರಿಸುವುದು ನಾನು ಎಂದು ಕೆಲಸ ಹಂಚಿಕೊಂಡೆವು.

ಮೊದಲ ದಿನವೇ ಫಜೀತಿ. ಎದುರಿಗೆ ದೊಡ್ಡ ಬಂಡೆ ತೇಲಿ ಬಂತು. ಕಾಕಾ "ಹೋ, ಹೋ!" ಎನ್ನುತ್ತ ಹಿಡಿಯನ್ನು ತನ್ನ ಕಡೆಗೆ ಜಗ್ಗಿದ. ಹಗ್ಗ ಜಗ್ಗಿದರೆ ಎತ್ತು ನಿಲ್ಲುತ್ತದೆ. ನೌಕೆ ಮೂಗು ಮೇಲೆತ್ತಿ ಲಾಗ ಹೊಡೆಯಿತು.

"ಜಗ್ಗಬ್ಯಾಡೋ ಕಾಕಾ!"

"ಜಗ್ಗದ ಹ್ಯಾಂಗ ನಿಲ್ತೈತವ್ವಾ? ಎಂಥಾ ಹೋರಿ ತಂದಿ, ಹಗ್ಗದ ರೂಢಿನ ಇಲ್ಲ ಇದಕ್ಕ!"

ನಗು ತಡೆದುಕೊಂಡು ಸೆಟ್ಟಿಂಗ್ಸ್ ಬದಲಿಸಿದೆ. ಜಗ್ಗಿದರೆ ವೇಗ ಇಳಿಯಬೇಕು, ಒತ್ತಿದರೆ ಏರಬೇಕು. ಮೂಗು ಎತ್ತುವ ಇಳಿಸುವ ಕೆಲಸ ಕೀಬೋರ್ಡಿನ ಮೇಲಿದ್ದ ನನ್ನ ಬೆರಳುಗಳಿಗೆ. ವಿಮಾನ ಬಲ್ಲವರು ಯಾರೂ ಒಪ್ಪದ ಏರ್ಪಾಡು, ಆದರೆ ಕಾಕಾನಿಗೆ ಒಗ್ಗಿತು.

ಒಂದು ಸಂಜೆ ಕಾಕಾ ಬಂಡೆಗಳ ಸಂದಿಯಲ್ಲಿ ನುಸುಳಿ ನೌಕೆಯನ್ನು ವೈರಿಯ ಬೆನ್ನಿಗೇ ತಂದು ನಿಲ್ಲಿಸಿದ. ನಾನು ಹೊಡೆದೆ, ಗೆದ್ದೆವು. ಕಾಕಾ ತನ್ನ ಎಡಗೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡ. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು. ಅವನು ಎದ್ದು ಬಂದು ನಮ್ಮ ನಡುವೆಯೇ ಕೂತ.

"ಇಷ್ಟೆಲ್ಲಾ ನಡಸೋ ಕೈ ರೊಟ್ಟಿ ಮುರದ್ರ ಏನ್ ತಪ್ಪೈತಿ ವೈನಿ? ಹಾಕ್ರಿ."

ಅವ್ವ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಆದರೆ ಮನೆಯ ಊಟ ಬೇರೆ, ಮಂದಿಯ ಪಂಕ್ತಿ ಬೇರೆ. ನಾನು ಸಿಂದಗಿಗೆ ಬರುವವರೆಗೂ ಅಲ್ಲಿಗೆ ಮಾತ್ರ ಕಾಕಾ ಬರಲೇ ಇಲ್ಲ.

ಗಣಿತದ ಸರ್‌ಗೆ, "ನಿಮ್ಮ ಕೈ ಯಾವುದಕ್ಕ ಒಗ್ತೈತಿ ಅದನ್ನ ತಗೋರಿ" ಎಂದು ಹೇಳಿ, ಮರುದಿನ ಹೊರ್ತಿಯಲ್ಲಿ ನೆಂಟರ ಮದುವೆಗೆ ಹೋದೆ. ಪಂಕ್ತಿಯಲ್ಲಿ ಕೂತು ನೋಡುತ್ತೇನೆ, ಕಾಕಾ ಬಂದು ನನ್ನ ಪಕ್ಕದಲ್ಲೇ ಕೂತ. ಬಡಿಸುವವನು ಎಲೆಯ ಮೇಲಿದ್ದ ಕಾಕಾನ ಎಡಗೈ ಕಂಡು ಸೌಟು ಹಿಡಿದೇ ನಿಂತ.

"ಹಾಕಪಾ ಹುಗ್ಗಿ," ಎಂದ ಕಾಕಾ, "ಬಲಗೈ ರಜಾದಾಗ ಐತಿ."

ಸಾಲಿನವರೆಲ್ಲ ನಕ್ಕರು, ಕಾಕಾನೂ ನಕ್ಕ. ನಾನು ಮಾತ್ರ ಸಂತೋಷಕ್ಕೆ ಉಣ್ಣುವುದನ್ನೂ ಮರೆತು ಆ ಎಡಗೈಯನ್ನೇ ನೋಡುತ್ತ ಕೂತೆ.

"ನನ್ನ ಕೈ ಏನ್ ನೋಡ್ತಿಯವ್ವಾ? ಉಣ್ಣು, ಹುಗ್ಗಿ ಆರಾಕತ್ತೈತಿ."