ಮುರುಮದ ಕಾರಿಗೆಂದು ಕಾಯ್ದಿಟ್ಟ ಬ್ಯಾಟರಿ

ಬೆಳಗಿನ ಐದೂವರೆ. ಮಹಾರಾಷ್ಟ್ರದ ಗಡಿಯ ಮುರುಮ ಎಂಬ ಊರಿನ ಒಂದು ಮನೆಯ ಅಂಗಳದಲ್ಲಿ ಬೂದು ಬಣ್ಣದ ಹೈಬ್ರಿಡ್ ಕಾರು ನಿಂತಿದೆ. ಹಿಂದಿನ ಬಾಗಿಲಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಬ್ಯಾಟರಿ ಸತ್ತರೆ ಈ ಕಾರಿನ ಡಿಕ್ಕಿ ಹೊರಗಿನಿಂದ ತೆರೆಯುವುದಿಲ್ಲ. ಹಾಗಾಗಿ ನಲವತ್ತೆಂಟರ ಗುಂಡಮ್ಮ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಸೀಟು ದಾಟಿ ತೆವಳುತ್ತಾರೆ. ಒಳಗಿನ ಚಿಲಕ ಕೈಗೆ ಸಿಕ್ಕು ಡಿಕ್ಕಿ ತೆರೆದಾಗ ಮನೆಯ ಸೊಸೆ ಮನಿಷಾ ಉಸಿರು ಬಿಡುತ್ತಾಳೆ. ಹತ್ತು ಗಂಟೆಗೆ ಅವಳಿಗೆ ಉದಗಿರದಲ್ಲಿ ಪರೀಕ್ಷೆ.

ಮಾವ ದಿಗಂಬರ ಗೇಟಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಎರಡು ವರ್ಷದಿಂದ ಅವರು ಗುಂಡಮ್ಮನ ಜೊತೆ ಮಾತಾಡಿಲ್ಲ. ಇವತ್ತು ಫೋನ್ ಮಾಡಿದ್ದೂ ಮನಿಷಾನೇ.

ಹತ್ತಿರದ ಉಮರ್ಗಾದಲ್ಲಿ ಹೆದ್ದಾರಿ ಬದಿಯ ತಗಡು ಹೊದೆಸಿದ ಬ್ಯಾಟರಿ ಅಂಗಡಿ ಗುಂಡಮ್ಮನದು. ಗಂಡ ಅಮೃತಪ್ಪ ಶುರು ಮಾಡಿದ್ದು. ಅವರ ಸೊಂಟ ಹಿಡಿದ ಮೇಲೆ, ಹದಿನಾಲ್ಕು ವರ್ಷದಿಂದ ಎತ್ತುವ ಕೆಲಸವೆಲ್ಲ ಇವರದೇ. ದಿನಕ್ಕೆ ಹತ್ತು ಹನ್ನೆರಡು ಬ್ಯಾಟರಿ: ಟ್ರ್ಯಾಕ್ಟರಿನದು, ಲಾರಿಯದು, ಜೀಪಿನದು. ಆಸಿಡ್ ಸಿಡಿದು ಸೀರೆಯ ಅಂಚಿನ ತುಂಬ ಸಣ್ಣ ತೂತುಗಳಾಗಿವೆ. ಇವರದು ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು.

"ಕುರಿ ಕೊಳ್ಳಾಗ ಎತ್ತಿ ನೋಡ್ತೀವ್ರೀ. ವಜನ ಇದ್ರ ಚಲೋ ಮಾಲು. ನಾ ಬ್ಯಾಟರಿನೂ ಹಂಗ ಆರಿಸ್ತಿದ್ದೆ," ಎನ್ನುತ್ತಾರೆ ಗುಂಡಮ್ಮ.

ಎರಡು ವರ್ಷದ ಹಿಂದೆ ಇದೇ ಕಾರಿಗೂ ಹಾಗೇ ಎತ್ತಿ ನೋಡಿ, ಭಾರವಾದ, ನೀರು ಹಾಕುವ ಬ್ಯಾಟರಿಯನ್ನು ಕೂರಿಸಿದ್ದರು. ಬೇರೆ ಗಾಡಿಗಳಲ್ಲಿ ಬ್ಯಾಟರಿ ಬಾನೆಟ್ ಕೆಳಗಿರುತ್ತದೆ. ಈ ಕಾರಿನಲ್ಲಿ ಅದು ಜನ ಕೂರುವ ಜಾಗದ ಹಿಂದೆಯೇ ಇದೆ. ಅದರ ಗ್ಯಾಸ್ ಹೊರಹೋಗಲು ಸಣ್ಣ ನಳಿಕೆ ಬೇಕು. ಇವರು ಹಾಕಿದ್ದಕ್ಕೆ ಅದು ಇರಲಿಲ್ಲ. ನಿಲಂಗಾಕ್ಕೆ ಹೋಗುವ ದಾರಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಕಾರು ತುಂಬಿ, ದಿಗಂಬರರ ಹೆಂಡತಿ ಮೀರಾಬಾಯಿ ವಾಂತಿ ಮಾಡಿಕೊಂಡು ರಸ್ತೆ ಬದಿಯಲ್ಲಿ ಕುಸಿದರು. ದಿಗಂಬರ ಸೊಲ್ಲಾಪುರದಲ್ಲಿ ಬೇರೆ ಬ್ಯಾಟರಿ ಹಾಕಿಸಿಕೊಂಡರು. ಉಮರ್ಗಾದ ಅಂಗಡಿಯ ಮುಂದೆ ಅವರ ಕಾರು ಹಾದುಹೋಗುತ್ತದೆ, ನಿಲ್ಲುವುದಿಲ್ಲ.

"ನಾ ಅಂಗಡಿ ಕೆಲಸ ಹಿಡಿದಾಗ ಮೊದಲ ಟ್ರ್ಯಾಕ್ಟರ್ ತಂದವ್ರು ದಿಗಂಬರ ಅಣ್ಣಾರು. ಹೆಂಗಸಿನ ಕೈಯಾಗ ಯಾಕ ಕೊಡ್ತಿ ಅಂತ ಮಂದಿ ನಕ್ಕಾಗ, ನಿಮಗ್ಯಾಕ ಉಸಾಬರಿ ಅಂದಿದ್ರು," ಎಂದು ಗುಂಡಮ್ಮ ನೆನೆಯುತ್ತಾರೆ.

ಮೀರಾಬಾಯಿ ಕುಸಿದ ಆ ದಿನದಿಂದ ಗುಂಡಮ್ಮ ಈ ಕಾರಿಗೆ ಸರಿಹೊಂದುವ ಒಂದು ಬ್ಯಾಟರಿಯನ್ನು ಅಂಗಡಿಯಲ್ಲಿ ಇಟ್ಟೇ ಇರುತ್ತಾರೆ. ತಿಂಗಳಿಗೊಮ್ಮೆ ಚಾರ್ಜ್ ಹಾಕುತ್ತಾರೆ. ಹಳೆಯದಾಗುವ ಮೊದಲೇ ಹೆದ್ದಾರಿಯಲ್ಲಿ ಬರುವ ಪುಣೆ, ಹೈದರಾಬಾದಿನ ಕಾರಿಗೆ ಮಾರಿ ಹೊಸದು ತರಿಸುತ್ತಾರೆ. ಇವತ್ತು ಮೊಪೆಡ್ಡಿಗೆ ಕಟ್ಟಿ ತಂದಿರುವುದು ಮೂರನೆಯದು. "ಆ ಕಾರು ಬರಂಗಿಲ್ಲ, ಇಕಿ ಬಿಡಂಗಿಲ್ಲ" ಎಂದು ಅಮೃತಪ್ಪ ತಮಾಷೆ ಮಾಡುತ್ತಾರಂತೆ.

"ಮಾವಶಿ, ಇಷ್ಟ ಸಣ್ಣದೇನ್ರೀ? ನಮ್ಮ ಟ್ರ್ಯಾಕ್ಟರಿಂದು ಇದರ ಎರಡು ಪಟ್ಟು ಅದ!" ಗುಂಡಮ್ಮನನ್ನು ಚಿಕ್ಕಮ್ಮನೆಂದು ಕರೆಯುವ ಮನಿಷಾ ಕೇಳುತ್ತಾಳೆ.

"ಅದು ಇಂಜಿನ್ ತಿರುಗಸ್ತದವ್ವಾ. ಇದು ಬರೇ ಕಾರಿನ ಕಂಪ್ಯೂಟರ್ ಎಬ್ಬಸ್ತದ. ಮುಂದ ದುಡಿಯೋ ದೊಡ್ಡ ಬ್ಯಾಟರಿ ಬ್ಯಾರೇನ ಅದ."

ಈಗ ಅವರು ಎತ್ತಿ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಟೇಪಿನಲ್ಲಿ ಅಳೆಯುತ್ತಾರೆ. ಪ್ಲಸ್ ಯಾವ ಕಡೆಗಿದೆ ನೋಡುತ್ತಾರೆ. ಆಚೀಚೆಯಾದರೆ ವೈರು ಮುಟ್ಟುವುದಿಲ್ಲ. ತಯಾರಾದ ತಿಂಗಳು ಓದುತ್ತಾರೆ. ಕೊನೆಗೆ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಹೊರಗಿದೆಯೇ ಎಂದು ಕಾರಿನ ಕೆಳಗೆ ಅಂಗಾತ ಮಲಗಿ ಬೆರಳಿಂದ ಮುಟ್ಟುತ್ತಾರೆ.

ಚಹಾ ತಂದ ಮೀರಾಬಾಯಿ ನಗುತ್ತಾರೆ. "ಈ ಸಲ ನನಗ ವಾಸನಿ ಕುಡಸಬ್ಯಾಡ, ಗುಂಡಮ್ಮ."

"ಇಲ್ರೀ ವೈನಿ. ಬೇಕಾದ್ರ ಉದಗಿರ ಮಟಾ ನಾನ ಹಿಂದ ಕುಂದರ್ತೀನಿ."

ಮನಿಷಾ ಕಾರಿನಲ್ಲಿ ಕೂತು ಚಾಲೂ ಮಾಡುವ ಗುಂಡಿ ಒತ್ತುತ್ತಾಳೆ. ಸದ್ದಿಲ್ಲ. ಮುಂದಿನ ಫಲಕದಲ್ಲಿ ಹಸಿರು ದೀಪ ಹೊತ್ತಿಕೊಳ್ಳುತ್ತದೆ.

"ಚಾಲೂ ಆತೇನು?" ದಿಗಂಬರ ಕೇಳುವುದು ಸೊಸೆಯನ್ನು.

"ಆತ್ರೀ ಅಣ್ಣಾರ," ಎಂದು ಉತ್ತರಿಸುವವರು ಗುಂಡಮ್ಮ. ದಿಗಂಬರ ತಿರುಗುವುದಿಲ್ಲ. ಗೇಟು ತೆಗೆದು ಕಾರಿಗೆ ದಾರಿ ಬಿಡುತ್ತಾರೆ, ಮನೆಯೊಳಗೆ ಹೋಗುತ್ತಾರೆ.

ಗುಂಡಮ್ಮ ಹಳೆಯ ಬ್ಯಾಟರಿಯನ್ನು ಮೊಪೆಡ್ಡಿಗೆ ಬಿಗಿಯುತ್ತ ಮನೆಯ ಬಾಗಿಲ ಕಡೆ ನೋಡುತ್ತಾರೆ.

"ಮುಂದಿನ ಸಲ ಅಣ್ಣಾರ ತಾವ ಫೋನ್ ಮಾಡ್ಬೇಕ್ರೀ. ಬೈಲಿ ಬೇಕಾರ. ಬೈದ್ರೂ ಮಾತಾಡ್ದಂಗ ಅಲ್ಲೇನು?"